ಮನವಿ ಪತ್ರದಲ್ಲಿ ನಾವು 17ನೇ ನಂಬರು



ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ. ಬೈಯೋರು ಪೂರ್ತಿ ಓದಿ ಬೈಯಿರಿ.

ಹೋದ ವಾರ ನಮ್ಮ ಕಡೆಯ ರೈತ ಮುಖಂಡರೊಬ್ಬರು ಫೋನ್ ಮಾಡಿದ್ರು. "ತಮ್ಮಾ, ಮಂತ್ರಿಗಳ ಭೇಟಿಗೆ ಟೈಮ್ ಸಿಕ್ಕಿದೆ. ಮನವಿ ಪತ್ರ ಒಂಚೂರು ನೀಟಾಗಿ ಟೈಪ್ ಮಾಡ್ಕೊಡು. ನಿಮ್ಮವರೂ ಇಬ್ಬರು ನಿಯೋಗದಲ್ಲಿ ಬನ್ನಿ, ಚೆನ್ನಾಗಿರುತ್ತೆ." ನಾನು ಗುಮಾಸ್ತ. ಆಫೀಸಲ್ಲಿ ದಿನಾ ಪತ್ರ ಟೈಪ್ ಮಾಡೋದೇ ನನ್ನ ಅನ್ನ. ಚಳವಳಿಯಲ್ಲೂ ನನಗೆ ಸಿಕ್ಕಿರೋ ಕೆಲಸ ಅದೇ. ಆಗಲಿ ಅಣ್ಣ ಅಂದೆ.

ಕೈಬರಹದ ನಾಲ್ಕು ಹಾಳೆ ಬಂತು. 18 ಬೇಡಿಕೆ. ಬೆಂಬಲ ಬೆಲೆಗೆ ಕಾನೂನು ಖಾತ್ರಿ, ಸಾಲ ಮನ್ನಾ, ಹಗಲು ಹೊತ್ತು ಮೂರು ಫೇಸ್ ಕರೆಂಟು, ಕಬ್ಬಿನ ಬಾಕಿ, ಕಾಡುಪ್ರಾಣಿ ಹಾವಳಿ. ಎಲ್ಲಾ ನ್ಯಾಯವಾದ್ದೇ. ಟೈಪ್ ಮಾಡ್ತಾ ಬಂದೆ. 9ನೇ ನಂಬರಿಗೆ ಬಂದಾಗ ಕೈ ನಿಂತಿತು. "ಕೃಷಿ ಕೂಲಿ ಕಾರ್ಮಿಕರ ತೀವ್ರ ಅಭಾವ ಇರುವುದರಿಂದ ಉದ್ಯೋಗ ಖಾತ್ರಿ ಕಾಮಗಾರಿಗಳನ್ನು ನಾಟಿ ಮತ್ತು ಕಟಾವಿನ ಸಮಯದಲ್ಲಿ ಕಡ್ಡಾಯವಾಗಿ ನಿಲ್ಲಿಸಬೇಕು." ಭೂಹೀನರಿಗೆ ಭೂಮಿ ಕೊಡಬೇಕು ಅನ್ನೋದು 17ನೇ ನಂಬರು, ಒಂದೇ ಸಾಲು. 18ನೇದು ಹುತಾತ್ಮ ರೈತರ ಸ್ಮಾರಕ.

ನಮ್ಮವ್ವ ಇಪ್ಪತ್ತು ಮೂವತ್ತು ವರ್ಷ ಊರೋರ ಗದ್ದೇಲಿ ನಾಟಿ ಹಾಕಿದವಳು. ಖಾತ್ರಿ ಕೆಲಸ ಬಂದ ಮೇಲೆ ಕೆರೆ ಹೂಳು ಎತ್ತೋಕೆ ಹೋದಳು. ಗಂಡಾಳಿಗೆ ಎಷ್ಟು ಕೂಲಿಯೋ ಹೆಣ್ಣಾಳಿಗೂ ಅಷ್ಟೇ, ಅದೂ ಬ್ಯಾಂಕ್ ಪಾಸ್‌ಬುಕ್ಕಿಗೆ. ಮೊದಲನೇ ಸಲ ದುಡ್ಡು ಬಂದಾಗ ಅವಳು ದುಡ್ಡಿನ ಮಾತೇ ಆಡಲಿಲ್ಲ. "ಅಲ್ಲಿ ಯಾರೂ ಏಯ್ ಬಾರೇ ಅನ್ನಕ್ಕಿಲ್ಲ ಕಣ್ಮಗ" ಅಂದಳು. ಅವಳ ಮಗ ನಾನು. ಆ ಕೆಲಸ ನಿಲ್ಲಿಸಿ ಅಂತ ಸರ್ಕಾರಕ್ಕೆ ಬರೆಯೋ ಪತ್ರ ನನ್ನ ಬೆರಳಿಂದಲೇ ಟೈಪ್ ಆಗ್ತಿತ್ತು.

ಫೋನ್ ಮಾಡಿ ಕೇಳಿದೆ. ಅಣ್ಣ, ಇದು ಯಾಕೆ? "ಅಯ್ಯೋ ತಮ್ಮಾ, ಆಳು ಸಿಕ್ತಿಲ್ಲ, ಸಿಕ್ರೆ ಕೂಲಿ ಎಷ್ಟು ಕೇಳ್ತಾರೆ ಗೊತ್ತಾ? ರೈತ ಬದುಕಬೇಕಲ್ವಾ?"

ಇಲ್ಲೇ ನನ್ನ ತಕರಾರು ಶುರು. ಯಾರು ರೈತ?

ಈ ಬೇಡಿಕೆ ನಮ್ಮ ತಾಲೂಕಿನಲ್ಲಿ ಹುಟ್ಟಿದ್ದಲ್ಲ. 2011ರಲ್ಲೇ ಆಗಿನ ಕೇಂದ್ರ ಕೃಷಿ ಮಂತ್ರಿ ಶರದ್ ಪವಾರ್, ಬೇಸಾಯದ ಸುಗ್ಗೀಲಿ ಖಾತ್ರಿ ಕೆಲಸ ನಿಲ್ಲಿಸಿ ಅಂತ ಪ್ರಧಾನಿಗೆ ಕೇಳಿದ್ರು. ಆಗ ಆಗಲಿಲ್ಲ. ಕೇಳೋದನ್ನ ಬಿಡಲೂ ಇಲ್ಲ. 2025ರ ಡಿಸೆಂಬರಲ್ಲಿ ಪಾರ್ಲಿಮೆಂಟಿನಲ್ಲಿ ಉದ್ಯೋಗ ಖಾತ್ರಿ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ಪಾಸಾಯ್ತು. 100 ದಿನ ಹೋಗಿ 125 ದಿನ ಅಂತ ದೊಡ್ಡದಾಗಿ ಸಾರಿದ್ರು. ಅದರೊಳಗೇ ಬಿತ್ತನೆ, ಕಟಾವಿನ ಹೊತ್ತಲ್ಲಿ ವರ್ಷಕ್ಕೆ ಒಟ್ಟು 60 ದಿನ ಕೆಲಸ ಕೊಡಬಾರದು ಅನ್ನೋ ಕಲಮೂ ಇದೆ. ಹದಿನೈದು ವರ್ಷ ಬಾಗಿಲು ತಟ್ಟಿದ್ದಕ್ಕೆ ಸಿಕ್ಕ ಫಲ ಅದು. ಕೂಲಿಯವನಿಗೆ ಚೌಕಾಸಿ ಮಾಡೋ ಶಕ್ತಿ ಬರೋದೇ ಆ ಎರಡು ತಿಂಗಳಲ್ಲಿ. ಬೇಸಿಗೇಲಿ ಯಾರೂ ಕರೆಯಲ್ಲ, ಆಗ ಅವನು ಕೇಳಿದ್ದೇ ಕೂಲಿ ಅಲ್ಲ, ಕೊಟ್ಟಿದ್ದೇ ಕೂಲಿ. ನಾಟಿ ಟೈಮಲ್ಲಿ ಮಾತ್ರ "ಅಲ್ಲಿ ಇಷ್ಟು ಕೊಡ್ತಾರೆ, ನೀವೆಷ್ಟು ಕೊಡ್ತೀರ?" ಅಂತ ತಲೆ ಎತ್ತಿ ಕೇಳಬಹುದು. ಆ "ಅಲ್ಲಿ" ಅನ್ನೋದನ್ನೇ ಕಿತ್ತುಹಾಕಿದ್ರೆ?

ನ್ಯಾಯವಾಗಿ ಹೇಳಬೇಕು ಅಂದ್ರೆ, ಎಡ ರೈತ ಸಂಘಟನೆಗಳು ಈ ಕಾಯ್ದೆ ವಿರುದ್ಧ ಕೂಲಿಕಾರರ ಜೊತೆ ನಿಂತಿವೆ. ಎಲ್ಲರನ್ನೂ ಒಂದೇ ತಕ್ಕಡೀಲಿ ತೂಗಲ್ಲ ನಾನು. ಆದ್ರೆ ನನಗೆ ಟೈಪಿಗೆ ಬಂದ ಹಾಳೆ ಎಡದವರದ್ದಲ್ಲ. ಹೆಗಲ ಮೇಲೆ ಶಾಲು ಹಾಕ್ಕೊಂಡು ನಮ್ಮ ವೇದಿಕೆಗೆ ಬಂದು "ದಲಿತ ರೈತ ಕಾರ್ಮಿಕ ಐಕ್ಯತೆ ಚಿರಾಯುವಾಗಲಿ" ಅನ್ನೋರದ್ದು.

2011ರ ಜನಗಣತಿ ತೆಗೆದು ನೋಡಿ. ಸ್ವಂತಕ್ಕೋ ಗುತ್ತಿಗೆಗೋ ಸಾಗುವಳಿ ಮಾಡೋರು 11.88 ಕೋಟಿ. ಕೃಷಿ ಕೂಲಿಗಳು 14.43 ಕೋಟಿ. ಅಂದ್ರೆ ಈ ದೇಶದ ಬೇಸಾಯದಲ್ಲಿ ಕೂಲಿಯವರೇ ಬಹುಸಂಖ್ಯಾತರು. ಸಾವಿನ ಲೆಕ್ಕದಲ್ಲೂ ಅಷ್ಟೇ. ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ಆತ್ಮಹತ್ಯೆ ಮಾಡಿಕೊಂಡ ಬೇಸಾಯದ ಜನ 11,290. ಅದರಲ್ಲಿ ರೈತರು 5,207, ಕೃಷಿ ಕೂಲಿಗಳು 6,083. "ರೈತರ ಆತ್ಮಹತ್ಯೆ" ಅಂತ ಟಿವಿಯವರು ಹೆಡ್‌ಲೈನ್ ಮಾಡೋವಾಗ ಈ 6,083 ಜನರನ್ನೂ ಸೇರಿಸಿಯೇ ಲೆಕ್ಕ ಹೇಳ್ತಾರೆ. ಪರಿಹಾರ ಕೊಡೋವಾಗ ಮಾತ್ರ ಪಹಣಿ ಎಲ್ಲಿ, ಬ್ಯಾಂಕ್ ಸಾಲದ ದಾಖಲೆ ಎಲ್ಲಿ ಅಂತ ಕೇಳ್ತಾರೆ. ಕೂಲಿಯವನ ಹೆಂಡತಿ ಎಲ್ಲಿಂದ ತರಬೇಕು ಪಹಣಿ? ಪಿಎಂ ಕಿಸಾನ್ 6,000 ರೂಪಾಯಿ? ಪಹಣಿ. ಬೆಳೆ ಸಾಲ? ಪಹಣಿ. ಸಾಲ ಮನ್ನಾ? ಸಾಲವೇ ಕೊಟ್ಟಿಲ್ಲ, ಮನ್ನಾ ಏನು ಮಾಡ್ತೀರಿ. ವಾರಕ್ಕೆ ಮಾಡೋನು ಬಿತ್ತಿ, ಗೊಬ್ಬರ ಹಾಕಿ, ನಷ್ಟ ತಿಂದು, ಕೊನೆಗೆ ಪರಿಹಾರದ ದುಡ್ಡು ಪೇಟೇಲಿರೋ ಜಮೀನ್ದಾರನ ಖಾತೆಗೆ ಹೋಗೋದನ್ನ ನೋಡ್ತಾ ಕೂರಬೇಕು.

ಸ್ವಾಮಿನಾಥನ್ ವರದಿ, ಸ್ವಾಮಿನಾಥನ್ ವರದಿ ಅಂತ ಎಲ್ಲರ ಬಾಯಲ್ಲೂ ಇದೆ. ಖರ್ಚಿನ ಮೇಲೆ ಶೇ 50 ಲಾಭ ಅನ್ನೋ ಒಂದು ಸಾಲು ಮಾತ್ರ ಎಲ್ಲರಿಗೂ ಬಾಯಿಪಾಠ. 2006ರಲ್ಲಿ ಮುಗಿದ ಆ ಆಯೋಗ ಭೂಸುಧಾರಣೆಯ ಮಾತನ್ನೂ ಆಡಿದೆ, ಮಿಗತೆ ಭೂಮಿ, ಪಾಳು ಭೂಮಿ ಹಂಚಿ ಅಂದಿದೆ. ಅದರ ಮೇಲೆ ಸರ್ಕಾರ ತಂದ 2007ರ ರಾಷ್ಟ್ರೀಯ ರೈತ ನೀತಿ, ರೈತ ಅಂದ್ರೆ ಯಾರು ಅಂತ ಬರೆದಿದೆ. ಕೃಷಿ ಕೂಲಿ, ಪಾಲುದಾರ, ಗೇಣಿದಾರ, ಕುರಿ ಸಾಕೋನು, ಮೀನು ಹಿಡಿಯೋನು, ಕಾಡುತ್ಪತ್ತಿ ಆಯೋ ಆದಿವಾಸಿ ಎಲ್ಲರೂ ರೈತರೇ ಅಂತ. ಆ ಪುಟವನ್ನ ಯಾವ ನಿಯೋಗ, ಯಾವ ಮಂತ್ರಿ ಮುಂದೆ ಓದಿದೆ ಹೇಳಿ?

ಕೂಲಿ ಜಾಸ್ತಿ ಆಯ್ತು ಅನ್ನೋರಿಗೆ ಇನ್ನೊಂದು ಲೆಕ್ಕ. ಬೆಂಬಲ ಬೆಲೆಗೆ ಖರ್ಚು ಹಿಡಿಯೋವಾಗ ಕೃಷಿ ಬೆಲೆ ಆಯೋಗ ಆಳಿನ ಕೂಲಿಯನ್ನ ಖರ್ಚಿಗೇ ಸೇರಿಸುತ್ತೆ. ನೀವು ಕೇಳ್ತಿರೋ ಸಿ2 ಸೂತ್ರದಲ್ಲಂತೂ ಸ್ವಂತ ಜಮೀನಿನ ಬಾಡಿಗೆ, ಬಂಡವಾಳದ ಬಡ್ಡಿ ಎಲ್ಲವೂ ಸೇರುತ್ತೆ. ಅಂದ್ರೆ ನಮ್ಮವ್ವನ ಕೂಲಿಯನ್ನ ಖರ್ಚಲ್ಲಿ ತೋರಿಸಿ, ಅದರ ಮೇಲೂ ಅರ್ಧ ಲಾಭ ಹಾಕಿ ಸರ್ಕಾರದ ಹತ್ರ ಕೇಳ್ತೀರಿ. ಕೇಳಿ, ತಪ್ಪೇನಿಲ್ಲ. ಆದ್ರೆ ಕೂಲಿ ಹೆಚ್ಚಾದ್ರೆ ಬೆಲೆ ಹೆಚ್ಚು ಕೊಡಿ ಅಂತ ದಿಲ್ಲಿಗೆ ಹೇಳೋದು ಬಿಟ್ಟು, ಕೂಲಿಯನ್ನೇ ಇಳಿಸೋ ದಾರಿ ಹುಡುಕಿದ್ರೆ, ಅದು ರೈತರ ಹಿತ ಹೆಂಗಾಗುತ್ತೆ? ದಿಲ್ಲಿ ಮೇಲೆ ಕೈ ಎತ್ತೋಕಾಗದೆ ಕೇರಿ ಮೇಲೆ ಎತ್ತೋದು ಅದು.

2020ರ ಜೂನ್ ನೆನಪಿದೆಯಾ? ಲಾಕ್‌ಡೌನಲ್ಲಿ ಬಿಹಾರದ ಕೂಲಿಗಳು ವಾಪಸ್ ಹೋದಾಗ ಪಂಜಾಬಿನ ಕೆಲವು ಹಳ್ಳಿಗಳು ನಾಟಿ ಕೂಲಿಗೆ ಮಿತಿ ಹಾಕಿ ಠರಾವು ಮಾಡಿದ್ವು, ಒಪ್ಪದ ದಲಿತರಿಗೆ ಬಹಿಷ್ಕಾರದ ಬೆದರಿಕೆ ಹಾಕಿದ್ವು. ಅದೇ ವರ್ಷ ನವೆಂಬರಲ್ಲಿ ದಿಲ್ಲಿ ಗಡಿಯ ಹೋರಾಟಕ್ಕೆ ನಾವೆಲ್ಲ ಇಲ್ಲಿಂದ ಬೆಂಬಲ ಕೊಟ್ವಿ. ಕೊಟ್ಟಿದ್ದು ಸರಿಯೇ, ಇನ್ನೊಂದು ಸಲ ಆದ್ರೂ ಕೊಡ್ತೀನಿ. ಜೂನ್ ತಿಂಗಳನ್ನ ಮರೆತು ಕೊಡಬೇಕಿಲ್ಲ ಅಷ್ಟೇ.

ಲಾಬಿ ಅಂದ್ರೆ ಏನು ಅಂತ ತಿಳೀಬೇಕಾದ್ರೆ ಮಲೆನಾಡಿನ ಕಡೆ ನೋಡಿ. ಸರ್ಕಾರಿ ಜಮೀನು ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ 25 ಎಕರೆವರೆಗೂ 30 ವರ್ಷದ ಗುತ್ತಿಗೆ ಕೊಡೋಕೆ ಭೂಕಂದಾಯ ಕಾಯ್ದೆಗೇ ತಿದ್ದುಪಡಿ ಬಂತು. ಬೆಳೆಗಾರರ ಸಂಘಗಳು ವರ್ಷಗಟ್ಟಲೆ ಪಟ್ಟು ಹಿಡಿದು ಕೇಳಿದ್ದು ಅದು. ಅದೇ ಕೊಡಗಿನ ದಿಡ್ಡಳ್ಳಿಯಲ್ಲಿ 2016ರ ಡಿಸೆಂಬರ್ ಚಳೀಲಿ ಆದಿವಾಸಿಗಳ ಗುಡಿಸಲು ಕಿತ್ತು ಹಾಕಿದ್ರು. ಒಬ್ಬನದು ಒತ್ತುವರಿ ಅಲ್ಲ, "ಬೆಳೆಗಾರರ ಸಮಸ್ಯೆ". ಇನ್ನೊಬ್ಬನದು ಅತಿಕ್ರಮಣ.

ನಮ್ಮ ಬಗರ್ ಹುಕುಂ ಕಥೆ ಎಲ್ಲರಿಗೂ ಗೊತ್ತು. ಫಾರಂ 50, ಆಮೇಲೆ 53, 2018ರಲ್ಲಿ 57. ಇರೋ ಜಮೀನೂ ಸೇರಿ 4 ಎಕರೆ 38 ಗುಂಟೆ ಮೀರಬಾರದು. ಶಾಸಕರೇ ಸಮಿತಿ ಅಧ್ಯಕ್ಷರು. ನಾಲ್ಕು ಎಕರೆ ಕೇಳಿದೋನಿಗೆ ಗೋಮಾಳ ಅಂತಾರೆ, 100 ದನಕ್ಕೆ 30 ಎಕರೆ ಇರಬೇಕು, ಉಳಿಯಲ್ಲ ಅಂತಾರೆ. ಇಲ್ಲಾಂದ್ರೆ ಡೀಮ್ಡ್ ಅರಣ್ಯ. ಇಲ್ಲಾಂದ್ರೆ ಪಟ್ಟಣದ ಗಡಿಯಿಂದ ಇಷ್ಟು ಕಿಲೋಮೀಟರು. ಅಪ್ಪ ಅರ್ಜಿ ಹಾಕಿ ಸತ್ತ, ಮಗ ಸ್ವೀಕೃತಿ ಚೀಟಿಯನ್ನ ಪ್ಲಾಸ್ಟಿಕ್ ಕವರಲ್ಲಿ ಇಟ್ಕೊಂಡು ತಾಲೂಕು ಆಫೀಸಿನ ಕಟ್ಟೆ ಮೇಲೆ ಕೂತಿದ್ದಾನೆ. ಮಂಜೂರಾಗಿ ಪರಭಾರೆಯಾದ ಜಮೀನಿಗೆ 1978ರ ಪಿಟಿಸಿಎಲ್ ಕಾಯ್ದೆ ಇದೆ. ಅದಕ್ಕೂ 2017ರಲ್ಲಿ ಸುಪ್ರೀಂ ಕೋರ್ಟು ತಡವಾಗಿ ಬಂದಿರಿ ಅಂದಿದ್ದಕ್ಕೆ ಸಾಲಾಗಿ ಅರ್ಜಿಗಳು ವಜಾ ಆದ್ವು. ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿ ಬರೋಕೆ ನಮ್ಮವರು ಬೀದೀಲಿ ಕೂರಬೇಕಾಯ್ತು. ಆ ಟೆಂಟಿಗೆ ಎಷ್ಟು ಹಸಿರು ಶಾಲು ಬಂದ್ವು ಅಂತ ಕೂತಿದ್ದವರನ್ನೇ ಕೇಳಿ.

ಮನವಿ ಪತ್ರದ ಹಣೆಬರಹವನ್ನೂ ಹೇಳ್ತೀನಿ, ಗುಮಾಸ್ತನಾಗಿ. ಟಪಾಲಿನಲ್ಲಿ ನಂಬರ್ ಬೀಳುತ್ತೆ. "ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳಿ" ಅಂತ ಕೆಳಗೆ ಹೋಗುತ್ತೆ. ಅಲ್ಲಿಂದ ಇನ್ನೂ ಕೆಳಗೆ. ಆರು ತಿಂಗಳಿಗೆ "ಸದರಿ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ" ಅಂತ ಹಿಂಬರಹ. ಮೇಲಿನ ಮೂರ್ನಾಲ್ಕು ಬೇಡಿಕೆಗೆ ಮಂತ್ರಿ ಬಾಯಲ್ಲೇ ಉತ್ತರ ಸಿಗುತ್ತೆ, ಕೆಳಗಿನವು ಫೈಲಿಗೆ. ಯಾವ ಬೇಡಿಕೆ ಎಷ್ಟನೇ ನಂಬರು ಅನ್ನೋದು ಸಣ್ಣ ವಿಷಯ ಅಲ್ಲ.

ನಾನು 9ನೇದನ್ನ ಟೈಪ್ ಮಾಡಲಿಲ್ಲ. 17ನ್ನ 3ಕ್ಕೆ ತಂದು, ಪಹಣಿ ಇಲ್ಲದವರಿಗೂ ಪರಿಹಾರ ಅಂತ ಒಂದು ಸಾಲು ಸೇರಿಸಿ, ಫೋನ್ ಮಾಡಿ ಹೇಳಿಯೇ ಕಳಿಸಿದೆ. ಕದ್ದು ಮಾಡಿಲ್ಲ. "ನೋಡೋಣ ಬಿಡು" ಅಂದ್ರು. ಮಂತ್ರಿಗಳ ಮನೆ ಮುಂದೆ ಹೋದಾಗ ಅವರ ಕೈಲಿ ಬೇರೆ ಪ್ರಿಂಟ್ ಇತ್ತು. 9 ಅಲ್ಲೇ ಇತ್ತು, 17 ಅಲ್ಲೇ ಇತ್ತು. ಒಳಗೆ ಹನ್ನೆರಡು ನಿಮಿಷ. ಆರನೇ ನಂಬರಿಗೆ ಮಂತ್ರಿ ಎದ್ದು ನಿಂತ್ರು. ಫೋಟೋಗೆ ಮಾತ್ರ ನಮ್ಮಿಬ್ಬರನ್ನ ನೀಲಿ ಶಾಲು ಕಾಣೋ ಹಂಗೆ ಮುಂದೆ ಎಳ್ಕೊಂಡ್ರು.

ಇದನ್ನ ಬರೆದ್ರೆ ಐಕ್ಯತೆ ಒಡೀತೀಯ ಅಂತಾರೆ. ಒಂದೆರಡು ಎಕರೆ ಇಟ್ಕೊಂಡು ತಾನೂ ಕೂಲಿಗೆ ಹೋಗೋ ರೈತನ ಜೊತೆ ನನಗೆ ಜಗಳ ಇಲ್ಲ, ಅವನು ಯಾವ ಜಾತಿಯೇ ಆಗಿರಲಿ. ಖಾತ್ರಿ ಕೆಲಸ ನಿಂತರೆ ಅವನ ಹೆಂಡತಿಗೂ ಕೂಲಿ ಹೋಗುತ್ತೆ. ಐಕ್ಯತೆ ಹೆಂಗಿರುತ್ತೆ ಅಂತ ದೇವನಹಳ್ಳಿ ಚನ್ನರಾಯಪಟ್ಟಣ ಹೋಬಳಿ ತೋರಿಸಿದೆ. 13 ಹಳ್ಳಿ, 1,777 ಎಕರೆ, ಸಾವಿರಕ್ಕೂ ಹೆಚ್ಚು ದಿನ ಧರಣಿ. ದಲಿತ, ರೈತ, ಕಾರ್ಮಿಕ ಸಂಘಟನೆಗಳು ಒಂದೇ ಪೆಂಡಾಲಲ್ಲಿ ಕೂತವು. 2025ರ ಜುಲೈ 15ಕ್ಕೆ ಸರ್ಕಾರ ಭೂಸ್ವಾಧೀನ ಕೈಬಿಡ್ತು. ಅಲ್ಲಿ ಇದ್ದಿದ್ದು ಒಂದೇ ಬೇಡಿಕೆ, ಯಾರೂ 17ನೇ ನಂಬರಾಗಿರಲಿಲ್ಲ.

ದಲಿತರಿಗೂ ರೈತ ಚಳವಳಿಗೂ ಏನು ಸಂಬಂಧ ಅನ್ನೋ ನಮ್ಮ ಹುಡುಗರಿಗೂ ಒಂದು ಮಾತು. 1937ರಲ್ಲಿ ಬಾಬಾಸಾಹೇಬರು ಬಾಂಬೆ ಶಾಸನಸಭೆಯಲ್ಲಿ ಖೋತಿ ಪದ್ಧತಿ ರದ್ದು ಮಾಡೋ ಮಸೂದೆ ಮಂಡಿಸಿದ್ರು. 1938ರ ಜನವರಿಯಲ್ಲಿ ಕೊಂಕಣದ ಸಾವಿರಾರು ಗೇಣಿದಾರರನ್ನ ಕರ್ಕೊಂಡು ಸಭೆಯ ಬಾಗಿಲಿಗೇ ಹೋದ್ರು. ಅದರಲ್ಲಿ ಮಹಾರರೂ ಇದ್ರು, ಕುಣಬಿಗಳೂ ಇದ್ರು. ಮುಂದೆ ನಡೆದಿದ್ದು ಬಾಬಾಸಾಹೇಬರು, ಹಿಂದೆ ನಿಂತು ಫೋಟೋ ತೆಗೆಸ್ಕೊಂಡಿದ್ದಲ್ಲ. ನಾವು ಏಪ್ರಿಲ್ 14ಕ್ಕೆ ಡಿಜೆ ಕಟ್ಟಿಸ್ತೀವಿ. ಸಿ2 ಅಂದ್ರೆ ಏನು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಬೇರೆಯವರು ಬರೆದ ಪತ್ರಕ್ಕೆ ಸಹಿ ಹಾಕೋಕೆ ಹೋದ್ರೆ 17ನೇ ನಂಬರೇ ಸಿಗೋದು.

ಬರೋ ಭಾನುವಾರ ಬೆಳಗ್ಗೆ 10ಕ್ಕೆ ನಮ್ಮ ತಾಲೂಕು ಅಂಬೇಡ್ಕರ್ ಭವನದಲ್ಲಿ ಸೇರ್ತಿದ್ದೀವಿ. ಭಾಷಣ ಇರಲ್ಲ. ಫಾರಂ 57 ಹಾಕಿರೋರು ಸ್ವೀಕೃತಿ ಚೀಟಿ ಜೆರಾಕ್ಸ್ ತನ್ನಿ. ಜಾಬ್ ಕಾರ್ಡ್ ಇರೋರು ಅದನ್ನೂ ತನ್ನಿ, ಕಳೆದ ವರ್ಷ ಎಷ್ಟು ದಿನ ಕೆಲಸ ಸಿಕ್ತು ಅಂತ ಪಟ್ಟಿ ಮಾಡೋಣ. ವಾರಕ್ಕೆ ಮಾಡೋರು ಯಾರ ಜಮೀನು ಅಂತ ಹೇಳೋಕೆ ಹೆದರಿದ್ರೆ ಹೇಳೋದು ಬೇಡ, ಎಷ್ಟು ಗುಂಟೆ ಅಂತ ಹೇಳಿ ಸಾಕು. ಲ್ಯಾಪ್‌ಟಾಪ್ ನಾನು ತರ್ತೀನಿ. ಆ ಮುಖಂಡರಿಗೂ ಫೋನ್ ಮಾಡಿ ಬನ್ನಿ ಅಣ್ಣ ಅಂತ ಕರೆದಿದ್ದೀನಿ. ನೋಡೋಣ ಅಂದಿದ್ದಾರೆ.