ಮರೆವಿಗೆ ಮಾತ್ರೆ ಕೊಳ್ಳೋ ಮುಂಚೆ

ನಿದ್ದೆ ಬರದಿದ್ದರೆ ಒಂದು ಲೋಟ ಬಿಸಿ ಹಾಲು ಕುಡಿದು ಮಲಗು ಅಂತ ಮನೆಯಲ್ಲಿ ಹಿರಿಯರು ಹೇಳೋದು ನಮಗೆಲ್ಲ ಗೊತ್ತು. ಈಗ ಅದೇ ಮಾತನ್ನು ಮೊಬೈಲ್‌ನಲ್ಲಿ ಜಾಹೀರಾತುಗಳು ಹೇಳುತ್ತವೆ: ಹಾಲಿನಲ್ಲಿ ಟ್ರಿಪ್ಟೊಫ್ಯಾನ್ ಇದೆ, ಅದರಿಂದ ಸೆರೊಟೋನಿನ್ ಆಗುತ್ತೆ, ಆದ್ದರಿಂದ ನಮ್ಮ ಮಾತ್ರೆ ಕೊಳ್ಳಿ! ಮೊದಲ ಎರಡು ಮಾತು ನಿಜ. ಆದರೆ ಕಥೆಯ ದೊಡ್ಡ ಭಾಗವನ್ನೇ ಬಿಟ್ಟಿದ್ದಾರೆ.

ಟ್ರಿಪ್ಟೊಫ್ಯಾನ್ ಒಂದು ಅಮೈನೊ ಆಮ್ಲ. ದೇಹ ಇದನ್ನು ತಾನೇ ತಯಾರಿಸಿಕೊಳ್ಳಲಾರದು. ಹಾಲು, ಮೊಟ್ಟೆ, ಬೇಳೆಕಾಳು, ಕಡಲೆಕಾಯಿಯಂಥ ಆಹಾರದಿಂದಲೇ ಬರಬೇಕು. 1901ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಹಾಪ್ಕಿನ್ಸ್ ಇದನ್ನು ಬೇರ್ಪಡಿಸಿದ್ದೂ ಹಾಲಿನ ಪ್ರೋಟೀನಿನಿಂದಲೇ. ದೇಹ ಒಡೆಯುವ ಟ್ರಿಪ್ಟೊಫ್ಯಾನಿನಲ್ಲಿ ಸೆರೊಟೋನಿನ್ ಆಗೋದು ಸಣ್ಣ ಪಾಲು. ಸುಮಾರು 95% ಹೋಗೋದು ಕೈನುರೆನಿನ್ ಅನ್ನೋ ಬೇರೆ ದಾರಿಯಲ್ಲಿ.

ಸೋಂಕು ತಗುಲಿದಾಗ ನಮ್ಮ ರೋಗನಿರೋಧಕ ಕೋಶಗಳು ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶ ಕಳಿಸುತ್ತವೆ. ಅದು ಐಡಿಓ ಎಂಬ ಕಿಣ್ವವನ್ನು ಎಬ್ಬಿಸುತ್ತೆ. ಟ್ರಿಪ್ಟೊಫ್ಯಾನ್ ಒಡೆದು ಕೈನುರೆನಿನ್ ಮಾಡೋದು ಅದರ ಕೆಲಸ. ಎಷ್ಟೋ ರೋಗಾಣುಗಳಿಗೂ ಟ್ರಿಪ್ಟೊಫ್ಯಾನ್ ಬೇಕಾದ್ದರಿಂದ ಅವಕ್ಕೆ ಊಟ ತಪ್ಪಿಸಿದ ಹಾಗಾಗುತ್ತೆ. ನಮ್ಮ ಐಟಿ ಭಾಷೆಯಲ್ಲಿ ಹೇಳೋದಾದ್ರೆ ಇದು ಎಮರ್ಜೆನ್ಸಿ ಮೋಡ್. ನಾಲ್ಕು ದಿನದ ಜ್ವರಕ್ಕೆ ಸರಿ. ವರ್ಷಗಟ್ಟಲೆ ಆನ್ ಆಗಿಯೇ ಇದ್ದರೆ?

ಎಚ್‌ಐವಿಯಲ್ಲಿ ಆಗೋದು ಹಾಗೇ. ಈ ವೈರಸ್ ನರಕೋಶದೊಳಗೆ ಮನೆ ಮಾಡೋದಿಲ್ಲ. ಮಿದುಳಿನ ಕಾವಲು ಕಾಯುವ ಮೈಕ್ರೋಗ್ಲಿಯಾ, ಮ್ಯಾಕ್ರೋಫೇಜ್ ಕೋಶಗಳಲ್ಲಿ ನೆಲೆಸುತ್ತೆ. ಕೆರಳಿದ ಈ ಕೋಶಗಳು ಕೈನುರೆನಿನ್‌ನಿಂದ ಕ್ವಿನೊಲಿನಿಕ್ ಆಮ್ಲ ತಯಾರಿಸುತ್ತವೆ. ಅದು ನರಕೋಶದ ಎನ್‌ಎಂಡಿಎ ರಿಸೆಪ್ಟರ್‌ಗಳನ್ನು ಅತಿಯಾಗಿ ಕೆರಳಿಸಿದರೆ ಕ್ಯಾಲ್ಸಿಯಂ ಒಳನುಗ್ಗಿ ನರಕೋಶ ಹಾಳಾಗುತ್ತೆ. 1991ರಲ್ಲಿ ಅಮೆರಿಕದ ಮೆಲ್ವಿನ್ ಹೇಯ್ಸ್ ತಂಡ, ಏಡ್ಸ್‌ನಿಂದ ಬುದ್ಧಿಶಕ್ತಿ ಕುಗ್ಗಿದವರ ಮಿದುಳು-ಬೆನ್ನುಹುರಿ ದ್ರವದಲ್ಲಿ ಈ ಆಮ್ಲ 20 ಪಟ್ಟಿಗೂ ಹೆಚ್ಚಿರುವುದನ್ನು ತೋರಿಸಿತು.

ಬೆಂಗಳೂರಿನಿಂದಲೂ ಒಂದು ಮುಖ್ಯ ಸುಳಿವು ಬಂದಿದೆ. ಭಾರತದಲ್ಲಿ ಹೆಚ್ಚಾಗಿ ಕಾಣೋದು ಎಚ್‌ಐವಿಯ ‘ಸಿ’ ಉಪವಿಧ. ಅದರ ಟ್ಯಾಟ್ ಪ್ರೋಟೀನಿನ 31ನೇ ಸ್ಥಾನದಲ್ಲಿ ಒಂದು ಅಮೈನೊ ಆಮ್ಲ ಬದಲಾಗಿರೋದರಿಂದ, ಮಾನೊಸೈಟ್ ಕೋಶಗಳನ್ನು ತನ್ನತ್ತ ಕರೆಯುವ ಶಕ್ತಿ ಕುಂದಿದೆ ಅಂತ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಮತ್ತು ಜೊತೆಗಾರರು 2004ರಲ್ಲಿ ವರದಿ ಮಾಡಿದರು. ಕೋಡ್‌ನಲ್ಲಿ ಒಂದೇ ಅಕ್ಷರ ಬದಲಾದ ಹಾಗೆ! ಆದರೂ ‘ಸಿ’ ಉಪವಿಧ ಇರುವವರಲ್ಲೂ ನೆನಪು, ಗಮನದ ತೊಂದರೆ ಕಂಡಿದೆ. ನಿಶ್ಚಿಂತೆಯಿಂದ ಇರೋ ಹಾಗಿಲ್ಲ.

ಇಷ್ಟೆಲ್ಲ ಓದೋಕೆ ಕಾರಣ ನನ್ನ ಗೆಳೆಯ. ವರ್ಷಗಳಿಂದ ಎಚ್‌ಐವಿ ಮಾತ್ರೆ ತಪ್ಪಿಸದೆ ತಗೋತಿದ್ದಾನೆ. ಅವನ ಒಪ್ಪಿಗೆ ಪಡೆದೇ ಬರೀತಿದ್ದೀನಿ. “ರಿಪೋರ್ಟ್‌ನಲ್ಲಿ ವೈರಸ್ ಪತ್ತೆನೇ ಆಗ್ತಿಲ್ಲ ಕಣೋ. ಆದ್ರೂ ಬೆಳಿಗ್ಗೆ ಮೀಟಿಂಗ್‌ನಲ್ಲಿ ಕೇಳಿದ್ದು ಸಂಜೆಗೆ ಮರೆತುಹೋಗಿರುತ್ತೆ. ಮ್ಯಾನೇಜರ್ ಬೇಜವಾಬ್ದಾರಿ ಅಂತಾರೆ. ಅವರಿಗೆ ಏನಂತ ಹೇಳ್ಲಿ?” ಅಂದ. ಜೊತೆಗೆ ಟ್ರಿಪ್ಟೊಫ್ಯಾನ್ ಮಾತ್ರೆಯ ಒಂದು ಲಿಂಕ್ ಕಳಿಸಿ, “ತಗೊಳ್ಳಲಾ?” ಅಂತ ಕೇಳಿದ.

ಮಾತ್ರೆಯ ವಿಷಯ ಮೊದಲು. ದಾರಿಯೇ ತಿರುಗಿರುವಾಗ ಸರಕು ಹೆಚ್ಚು ಸುರಿದರೆ ಅದು ಸೆರೊಟೋನಿನ್ ಕಡೆಗೇ ಹೋಗುತ್ತೆ ಅನ್ನೋ ಖಾತ್ರಿ ಇಲ್ಲ. ಕ್ಷಯದಿಂದ ಮಿದುಳು ಪೊರೆಯ ಉರಿಯೂತ ಬಂದವರನ್ನು ಇಂಡೋನೇಷ್ಯಾದಲ್ಲಿ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಿದುಳು-ಬೆನ್ನುಹುರಿ ದ್ರವದಲ್ಲಿ ಟ್ರಿಪ್ಟೊಫ್ಯಾನ್ ಕಡಿಮೆ ಇದ್ದವರೇ ಹೆಚ್ಚಾಗಿ ಬದುಕುಳಿದಿದ್ದರು. 1989ರಲ್ಲಿ ಅಮೆರಿಕದಲ್ಲಿ ಕಲಬೆರಕೆಯಾದ ಟ್ರಿಪ್ಟೊಫ್ಯಾನ್ ಮಾತ್ರೆ ನುಂಗಿ 1,500ಕ್ಕೂ ಹೆಚ್ಚು ಜನ ತೀವ್ರ ಸ್ನಾಯುನೋವಿನ ಕಾಯಿಲೆಗೆ ಬಿದ್ದರು, ಕೆಲವರು ಸತ್ತರು. ಹಾಲು, ಬೇಳೆ ಧಾರಾಳವಾಗಿ ತಿನ್ನಿ. ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಉಪಯೋಗ ಆಗೋದು ಎಆರ್‌ಟಿ ಚಿಕಿತ್ಸೆ. ವೈರಸ್ ತಗ್ಗಿದಂತೆ ಈ ಕೈನುರೆನಿನ್ ದಾರಿಯ ಓಟವೂ ತಗ್ಗುತ್ತೆ. ಆದರೆ ಎಲ್ಲರಲ್ಲೂ ಪೂರ್ತಿ ಮೊದಲಿನಂತೆ ಆಗೋದಿಲ್ಲ. ಮೊದಲಿದ್ದ ತೀವ್ರ ಬುದ್ಧಿಮಾಂದ್ಯ ಈಗ ಅಪರೂಪ. ಸಣ್ಣ ಮರೆವು, ನಿಧಾನ ಕೆಲವರಲ್ಲಿ ಉಳಿದಿದೆ. ಹಾಗಂತ ಎಲ್ಲಾ ಮರೆವೂ ಎಚ್‌ಐವಿಯದ್ದೇ ಅಲ್ಲ. ನಿದ್ದೆಗೇಡು, ಖಿನ್ನತೆ, ಬಿ12 ಕೊರತೆ, ಥೈರಾಯ್ಡ್, ಕೆಲವು ಔಷಧಿಗಳೂ ಕಾರಣ ಇರಬಹುದು. ಇವಕ್ಕೆಲ್ಲ ಪರಿಹಾರ ಇದೆ. ಅದಕ್ಕೇ ಎಆರ್‌ಟಿ ಕೇಂದ್ರದಲ್ಲಿ ರಕ್ತದ ರಿಪೋರ್ಟ್ ಜೊತೆ ಮರೆವಿನ ವಿಷಯವನ್ನೂ ಬಾಯಿಬಿಟ್ಟು ಹೇಳಬೇಕು. ಮಾತ್ರೆಯನ್ನು ಮಾತ್ರ ತಾವಾಗೇ ನಿಲ್ಲಿಸಬಾರದು. ಸರ್ಕಾರಿ ಕೇಂದ್ರಗಳಲ್ಲಿ 2004ರಿಂದ ಇದು ಉಚಿತ.

ಇನ್ನು ಮ್ಯಾನೇಜರ್‌ಗೆ ಏನು ಹೇಳೋದು? ಕಾಯಿಲೆಯ ಹೆಸರು ಹೇಳಲೇಬೇಕಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಕೆಲಸದ ಜಾಗದಲ್ಲಿ ತಾರತಮ್ಯವನ್ನು ನಿಷೇಧಿಸುತ್ತೆ, ಮಾಹಿತಿಯ ಗುಟ್ಟನ್ನೂ ಕಾಯುತ್ತೆ. “ಮಾತಲ್ಲಿ ಹೇಳಿದ್ದನ್ನ ಒಂದು ಮೇಲ್ ಕೂಡ ಮಾಡಿ ಸರ್” ಅಂದರೆ ಸಾಕು ಅಂತ ಅವನಿಗೆ ಹೇಳಿದೆ.

ನಮ್ಮಲ್ಲಿ ಟೀಮ್ ಲೀಡ್‌ಗಳೂ ಇದ್ದೀವಿ. ಯಾರಾದರೂ ಹಾಗೆ ಕೇಳಿದರೆ ಕಾರಣ ಕೆದಕದೆ ಮೇಲ್ ಕಳಿಸಿಬಿಡೋಣ. ಎರಡು ನಿಮಿಷದ ಕೆಲಸ.