ಬಾಕಿ ಕೇಳುವ ಒಂದು ಸಾಲು

‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆಯ ಮರ್ಮವನ್ನು ಉದ್ದರಿ ವ್ಯಾಪಾರ ಮಾಡಿದ ಹೊಟೇಲಿಗನಿಗೆ ಯಾರೂ ವಿವರಿಸಬೇಕಾಗಿಲ್ಲ. ಕಚೇರಿಗಳಿಗೆ ತಿಂಗಳುಗಟ್ಟಲೆ ಊಟ ತಿಂಡಿ ಪೂರೈಸಿದವನು ತನ್ನ ಹಣಕ್ಕಾಗಿ ತಾನೇ ಕೈಮುಗಿದು ನಿಲ್ಲಬೇಕಾಗುತ್ತದೆ. ಗಿರಾಕಿಯ ಹಣ ತಡವಾದರೆ ಹಾಲಿನವನಿಗೆ ತಡ, ಅಡಿಗೆಯವರ ಮತ್ತು ಮಾಣಿಗಳ ಸಂಬಳಕ್ಕೆ ತಡ, ಅವರ ಊರ ಮನೆಗೆ ಸೇರಬೇಕಾದ ಹಣಕ್ಕೂ ತಡ. ಆದುದರಿಂದ ಇದು ಕೇವಲ ಮಾಲಿಕರ ಚಿಂತೆಯಲ್ಲ.

ಇಂದು ಬಾಕಿಯ ಪತ್ರಗಳು ಇ-ಮೇಲಿನಲ್ಲಿ ಹೋಗುತ್ತವೆ. ಅದರಲ್ಲಿ ಮೊದಲು ಕಣ್ಣಿಗೆ ಬೀಳುವುದು ‘ವಿಷಯ’ ಎಂಬ ಒಂದೇ ಸಾಲು. ನಾವು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಕಾಲದಲ್ಲಿ ಒಂದು ಕಂಪೆನಿಗೆ ‘ಬಹಳ ತುರ್ತು’ ಎಂಬ ತಲೆಬರಹದಿಂದ ಮೂರು ಪತ್ರ ಕಳುಹಿಸಿದೆವು. ಉತ್ತರ ಬರಲಿಲ್ಲ. ಕೊನೆಗೆ ನಾವೇ ಹೋಗಿ ವಿಚಾರಿಸಲು, ಅಲ್ಲಿಯ ಗುಮಾಸ್ತರು, “ಸ್ವಾಮಿ, ಇಲ್ಲಿ ಬರುವುದೆಲ್ಲ ತುರ್ತೇ. ನಿಮ್ಮ ಬಿಲ್ಲು ಯಾವುದೆಂದು ನಾನು ಹೇಗೆ ತಿಳಿಯಲಿ?” ಎಂದರು. ಅಂದೇ ‘ಬಿಲ್ಲು ಸಂಖ್ಯೆ 214, ರೂ. 18,600, ಮಾರ್ಚ್ 10ಕ್ಕೆ ಸಲ್ಲಬೇಕಾದುದು’ ಎಂದು ಬರೆದೆವು. ಅದೇ ವಾರ ಹಣ ಬಂದಿತು.

ಬಿಲ್ಲಿನ ಸಂಖ್ಯೆ, ಮೊತ್ತ, ಗಡುವಿನ ದಿನ: ಈ ಮೂರೂ ಆ ಸಾಲಿನಲ್ಲಿರಲಿ. ಮೊಬೈಲಿನ ಪರದೆ ಸಾಲಿನ ಬಾಲವನ್ನು ಕತ್ತರಿಸುವುದರಿಂದ ಸಂಖ್ಯೆ ಮೊದಲು ಬರಲಿ. ಗಡುವಿಗೆ ಮೂರು ದಿನ ಮುಂಚೆ ‘ನೆನಪಿಗಾಗಿ’, ಮೀರಿದ ಮೇಲೆ ‘ಗಡುವು ಮೀರಿ 15 ದಿನ’ ಎಂದು ಬರೆದರೆ ಸಾಕು. ಕೋಪವನ್ನು ಅಂಕಿಯೇ ಹೇಳುತ್ತದೆ. ಹೂಡುವ ಮನಸ್ಸಿಲ್ಲದ ದಾವೆಯ ಬೆದರಿಕೆ ಬೇಡ. ಬಾರದ ಉತ್ತರಕ್ಕೆ ಮಾರುತ್ತರವೆಂಬಂತೆ ತೋರಿಸುವ ಉಪಾಯವೂ ಬೇಡ, ಅದು ವಂಚನೆ.

ಸೌಮ್ಯವಾದ ಸಾಲಿಗೆ ಉತ್ತರ ಬರುತ್ತದೆ, ಉತ್ತರಕ್ಕೆ ಬೆಲೆಯುಂಟು. ಹೊಟೇಲಿನವನು ಮಾರಿದ ಊಟ ಪಾನೀಯಗಳ ಹಣಕ್ಕೆ ದಾವೆ ಹೂಡಲು 1963ರ ಕಾಲಮಿತಿ ಕಾಯಿದೆ 3 ವರ್ಷಗಳ ಅವಕಾಶವನ್ನಷ್ಟೇ ಕೊಟ್ಟಿದೆ; ಲೆಕ್ಕ ಬಡಿಸಿದ ದಿನದಿಂದ. ನಾವು ಎಷ್ಟು ಪತ್ರ ಬರೆದರೂ ಆ ಅವಧಿ ಬೆಳೆಯದು. ಆದರೆ ಅವಧಿ ತೀರುವ ಮೊದಲೇ ಬಾಕಿದಾರನು ಬಾಕಿಯನ್ನು ಬರಹದಲ್ಲಿ, ಸಹಿಯೊಡನೆ ಒಪ್ಪಿಕೊಂಡರೆ ಲೆಕ್ಕ ಅಂದಿನಿಂದ ಹೊಸದಾಗಿ ಆರಂಭವಾಗುತ್ತದೆ. ಬೈಗುಳಕ್ಕೆ ಅಂಥ ಒಪ್ಪಿಗೆ ಎಂದಾದರೂ ದೊರೆತೀತೇ?

ನಮ್ಮ ವಾಚಕರಲ್ಲಿ ಅನೇಕರು ಹಣ ಕೊಡುವ ಕಚೇರಿಗಳಲ್ಲಿಯೂ ಲೆಕ್ಕ ಬರೆಯುತ್ತಿದ್ದಾರೆ. ಅವರಲ್ಲಿ ನಮ್ಮದೊಂದು ವಿನಂತಿ. ಇಂಥ ಪತ್ರ ಬಂದಾಗ ‘ತಲುಪಿದೆ, ಇಂಥ ದಿನ ಹಣ ಸಂದಾಯವಾಗುವುದು’ ಎಂದು ಎರಡು ಮಾತು ಬರೆಯಿರಿ. ಹಣ ಮಂಜೂರು ಮಾಡುವುದು ನಿಮ್ಮ ಕೈಯಲ್ಲಿಲ್ಲದಿರಬಹುದು. ಉತ್ತರ ಕೊಡುವುದು ನಿಮ್ಮ ಕೈಯಲ್ಲಿದೆ. ಆ ಬಿಲ್ಲಿನ ಹಿಂದೆ, ಬೆಳಗಿನ ನಾಲ್ಕು ಗಂಟೆಗೆ ಎದ್ದು ಇಡ್ಲಿ ಬೇಯಿಸಿದ ನಮ್ಮೂರಿನ ಹುಡುಗನೊಬ್ಬನು ತನ್ನ ಸಂಬಳಕ್ಕಾಗಿ ಕಾದಿರುತ್ತಾನೆ.