ಮಂಡ್ಯ ಜಿಲ್ಲಾ ಪಂಚಾಯಿತಿ: 2016ರ ಮೇಲೆ ಬಾರದ ಫಲಿತಾಂಶ

ಮಂಡ್ಯ ಜಿಲ್ಲಾ ಪಂಚಾಯಿತಿಗೆ ಕಡೆಯ ಸಲ ಮತದಾನ ನಡೆದದ್ದು 2016ರ ಫೆಬ್ರುವರಿಯಲ್ಲಿ. ಆಗಿದ್ದ 41 ಸ್ಥಾನಗಳಲ್ಲಿ ಜೆಡಿಎಸ್ ಸ್ಪಷ್ಟ ಬಹುಮತ ಪಡೆಯಿತು, ಕಾಂಗ್ರೆಸ್ ಎರಡನೇ ಸ್ಥಾನಕ್ಕೆ ನಿಂತಿತು. ರಾಜ್ಯದ 1,083 ಜಿಲ್ಲಾ ಪಂಚಾಯಿತಿ ಸ್ಥಾನಗಳಲ್ಲಿ ಕಾಂಗ್ರೆಸ್‌ಗೆ 498, ಬಿಜೆಪಿಗೆ 408 ಸಿಕ್ಕವು. ಆ ಸದಸ್ಯರ ಐದು ವರ್ಷದ ಅವಧಿ 2021ರ ಏಪ್ರಿಲ್–ಮೇ ವೇಳೆಗೆ ಮುಗಿಯಿತು. 2025 ಕಳೆದರೂ ಹೊಸ ಚುನಾವಣೆ ನಡೆಯಲಿಲ್ಲ. ಸದಸ್ಯರ ಅವಧಿ ಮುಗಿದಂದಿನಿಂದ ಜಿಲ್ಲಾ ಪಂಚಾಯಿತಿಗಳೂ ತಾಲ್ಲೂಕು ಪಂಚಾಯಿತಿಗಳೂ ಆಡಳಿತಾಧಿಕಾರಿಗಳ ಕೈಯಲ್ಲಿವೆ. ಇದು ಆಡಳಿತಾತ್ಮಕ ವಿಳಂಬವೆಂದು ಸರ್ಕಾರಗಳು ಹೇಳುತ್ತ ಬಂದಿವೆ. ಆದದ್ದನ್ನು ವರ್ಷವಾರು ಇಟ್ಟು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಚುನಾವಣೆಯನ್ನು ತಡೆಹಿಡಿಯಲಾಗಿದೆ, ತಡೆಹಿಡಿದವರಲ್ಲಿ ಎಲ್ಲ ಪಕ್ಷಗಳವರೂ ಇದ್ದಾರೆ.

ಸಂವಿಧಾನದ 243ಇ ವಿಧಿಯಲ್ಲಿ ಗೊಂದಲಕ್ಕೆ ಎಡೆಯೇ ಇಲ್ಲ. ಪಂಚಾಯಿತಿಯ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಪೂರ್ಣಗೊಳ್ಳಬೇಕು. 2006ರಲ್ಲಿ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಅವಧಿಯೊಳಗೇ ನಡೆಸುವುದು ಕಡ್ಡಾಯವೆಂದು ಹೇಳಿತು. 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಸುರೇಶ್ ಮಹಾಜನ್ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕ್ಷೇತ್ರ ಪುನರ್‌ವಿಂಗಡಣೆಯಾಗಲಿ ಹಿಂದುಳಿದ ವರ್ಗಗಳ ಮೀಸಲಾತಿಯ ಪರಿಶೀಲನೆಯಾಗಲಿ ಬಾಕಿ ಇದೆ ಎಂಬ ಕಾರಣಕ್ಕೆ ಚುನಾವಣೆ ನಿಲ್ಲಿಸುವಂತಿಲ್ಲ ಎಂದಿತು. ಕರ್ನಾಟಕದಲ್ಲಿ ಚುನಾವಣೆ ನಿಂತದ್ದು ಈ ಎರಡೇ ಕಾರಣಗಳನ್ನು ಹೇಳಿಕೊಂಡು.

ರಾಜ್ಯ ಚುನಾವಣಾ ಆಯೋಗ 2021ರಲ್ಲೇ ಕ್ಷೇತ್ರಗಳ ಗಡಿ ಗುರುತಿಸಿ, ಜುಲೈನಲ್ಲಿ ಕರಡು ಮೀಸಲಾತಿ ಪಟ್ಟಿಯನ್ನೂ ಹೊರಡಿಸಿತ್ತು. ಆ ಸೆಪ್ಟೆಂಬರ್‌ನಲ್ಲಿ ಅಂದಿನ ಬಿಜೆಪಿ ಸರ್ಕಾರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮಕ್ಕೆ ತಿದ್ದುಪಡಿ ತಂದು, ಗಡಿ ಗುರುತಿಸುವ ಅಧಿಕಾರವನ್ನು ಆಯೋಗದ ಕೈಯಿಂದ ಕಿತ್ತು, ತಾನೇ ನೇಮಿಸುವ ಪುನರ್‌ವಿಂಗಡಣಾ ಆಯೋಗಕ್ಕೆ ಕೊಟ್ಟಿತು. ಮುಗಿಯುತ್ತ ಬಂದಿದ್ದ ಕೆಲಸ ಮೊದಲಿನಿಂದ ಶುರುವಾಯಿತು. ಅಂದು ವಿರೋಧ ಪಕ್ಷದಲ್ಲಿದ್ದ ಕಾಂಗ್ರೆಸ್ 2023ರ ಮೇನಲ್ಲಿ ಅಧಿಕಾರಕ್ಕೆ ಬಂದ ಮೇಲೂ ಆ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗಕ್ಕೆ ಮರಳಿಸಲಿಲ್ಲ. ಹಿಂದುಳಿದ ವರ್ಗಗಳ ಮೀಸಲಾತಿಗೆ 2022ರಲ್ಲಿ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ರಚನೆಯಾಗಿ, ಅದೇ ವರ್ಷ ವರದಿಯನ್ನೂ ಕೊಟ್ಟಿತು. ಮತ್ತೆ ಮತ್ತೆ ಕಾಲಾವಕಾಶ ಕೇಳಿದ ರಾಜ್ಯ ಸರ್ಕಾರಕ್ಕೆ 2022ರ ಡಿಸೆಂಬರ್‌ನಲ್ಲಿ ಹೈಕೋರ್ಟ್ 5 ಲಕ್ಷ ರೂಪಾಯಿ ದಂಡ ಹಾಕಿತು. ಆ ದಂಡವೂ ತೆರಿಗೆ ಕಟ್ಟುವ ಜನರ ದುಡ್ಡೇ.

ಕೊರೊನಾ ಕಾಲದ ನೆಪ ಕೆಲವು ತಿಂಗಳ ಮಟ್ಟಿಗೆ ಒಪ್ಪಬಹುದಾದದ್ದು. 2021ರ ಮೇ ತಿಂಗಳಲ್ಲಿ ಮತಗಟ್ಟೆ ತೆರೆಯುವ ಸ್ಥಿತಿ ಇರಲಿಲ್ಲ, ನಿಜ. ಆದರೆ 2020ರ ಡಿಸೆಂಬರ್‌ನಲ್ಲಿ, ಅದೇ ಸೋಂಕಿನ ನಡುವೆ, ಇಡೀ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆದಿತ್ತು. 2021ರ ಡಿಸೆಂಬರ್‌ನಲ್ಲಿ ಸ್ಥಳೀಯ ಸಂಸ್ಥೆಗಳಿಂದ ವಿಧಾನ ಪರಿಷತ್ತಿನ 25 ಸ್ಥಾನಗಳಿಗೂ ಚುನಾವಣೆ ನಡೆಯಿತು. ಆ ಮತದಾರರ ಪಟ್ಟಿಯಲ್ಲಿ ಇರಬೇಕಾಗಿದ್ದ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರು ಯಾರೂ ಇರಲಿಲ್ಲ. ಸಂಸ್ಥೆಗಳ ಪ್ರತಿನಿಧಿಗಳನ್ನು ಆರಿಸುವುದಕ್ಕೆ ತುರ್ತು ಇತ್ತು, ಸಂಸ್ಥೆಗಳನ್ನೇ ಆರಿಸುವುದಕ್ಕೆ ಇರಲಿಲ್ಲ.

ಈ ಖಾಲಿತನ ಹಳ್ಳಿಯಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ಒಂದು ಸಣ್ಣ ಕೆರೆ ಸಾಕು. ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ, ಅಂದರೆ ಸುಮಾರು 100 ಎಕರೆಗಿಂತ ಕಡಿಮೆ ಇರುವ ಕೆರೆಗಳು ಜಿಲ್ಲಾ ಪಂಚಾಯಿತಿಯ ಸುಪರ್ದಿನವು. ಮಳವಳ್ಳಿ ತಾಲ್ಲೂಕಿನಲ್ಲಿ ನಾಲೆ ನೀರು ತಲುಪದ ಕಡೆ ರಾಗಿ ಹೊಲವೂ ದನಕರುವೂ ನಂಬಿಕೊಂಡಿರುವುದು ಇಂಥ ಕೆರೆಗಳನ್ನು. ತೂಬಿನ ಕಲ್ಲು ಸರಿದು ನೀರು ಸೋರುತ್ತಿದೆ, ಏರಿಯ ಮೇಲೆ ಜಾಲಿ ಬೆಳೆದು ಬೇರು ಮಣ್ಣು ಸಡಿಲಿಸಿದೆ, ಕೋಡಿ ಹಳ್ಳಕ್ಕೆ ಯಾರೋ ಬದು ಹಾಕಿದ್ದಾರೆ ಎಂದಿಟ್ಟುಕೊಳ್ಳಿ. ಊರಿನವರು ಪಿಡಿಒ ಹತ್ತಿರ ಹೋದರೆ ಅದು ಗ್ರಾಮ ಪಂಚಾಯಿತಿಗೆ ಬರುವುದಿಲ್ಲ. ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗಕ್ಕೆ ಅರ್ಜಿ ಕೊಟ್ಟರೆ ಅನುದಾನ ಬಂದಾಗ ನೋಡೋಣ ಎಂಬ ಉತ್ತರ. ಕ್ಷೇತ್ರದ ಜಿಲ್ಲಾ ಪಂಚಾಯಿತಿ ಸದಸ್ಯರಿದ್ದರೆ ಅದೇ ಎಂಜಿನಿಯರ್ ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಉತ್ತರ ಹೇಳಬೇಕಿತ್ತು. ಹೇಳಿದ ಉತ್ತರ ನಡಾವಳಿ ಪುಸ್ತಕಕ್ಕೆ ಬೀಳುತ್ತಿತ್ತು. ಎರಡು ತಿಂಗಳ ನಂತರದ ಸಭೆಯಲ್ಲಿ ಅನುಪಾಲನಾ ವರದಿ ಕೊಡಬೇಕಾಗುತ್ತಿತ್ತು. ಕೆರೆ ಆಗಲೂ ದುರಸ್ತಿಯಾಗದೇ ಇರಬಹುದಿತ್ತು. ಯಾರು ಏನು ಹೇಳಿದರು ಎಂಬ ದಾಖಲೆ ಮಾತ್ರ ಊರಿನವರ ಕೈಯಲ್ಲಿ ಇರುತ್ತಿತ್ತು.

ಎರಡು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕೆಂಬುದು ಕಾನೂನಿನ ಮಾತು. 2021ರ ಮೇನಿಂದ 2025ರ ಕೊನೆಯವರೆಗೆ ಲೆಕ್ಕ ಹಾಕಿದರೆ ಒಂದೊಂದು ಜಿಲ್ಲಾ ಪಂಚಾಯಿತಿಯಲ್ಲೂ ಕನಿಷ್ಠ 27 ಸಭೆ ನಡೆಯಬೇಕಿತ್ತು. ಅವು ನಡೆಯಲಿಲ್ಲ. ಹಾಗೆಯೇ ಶಿಕ್ಷಣ ಮತ್ತು ಆರೋಗ್ಯ, ಕೃಷಿ ಮತ್ತು ಕೈಗಾರಿಕೆ, ಸಾಮಾಜಿಕ ನ್ಯಾಯ, ಹಣಕಾಸು ಸ್ಥಾಯಿ ಸಮಿತಿಗಳೂ ಇಲ್ಲವಾದವು. ಪ್ರಾಥಮಿಕ ಶಾಲೆಯ ಸೋರುವ ಕೊಠಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಾರದ ವೈದ್ಯರು, ಅಂಗನವಾಡಿ ಕಟ್ಟಡ, ವಿದ್ಯಾರ್ಥಿನಿಲಯದ ಊಟ, ಪಶು ಆಸ್ಪತ್ರೆಯ ಲಸಿಕೆ, ಬಹುಗ್ರಾಮ ಕುಡಿಯುವ ನೀರಿನ ಯೋಜನೆ, ಇವನ್ನೆಲ್ಲ ಪ್ರಶ್ನಿಸುವ ಜಾಗ ಅದೇ ಆಗಿತ್ತು. ಈಗ ಬಜೆಟ್ಟಿಗೆ ಒಪ್ಪಿಗೆ ಕೊಡುವುದೂ ಆಡಳಿತಾಧಿಕಾರಿಯೇ, ಖರ್ಚಿನ ಮೇಲ್ವಿಚಾರಣೆಯೂ ಅಧಿಕಾರಿಗಳದ್ದೇ. ಸಂವಿಧಾನದ 243ಜೆಡ್‌ಡಿ ವಿಧಿ ಹೇಳುವ ಜಿಲ್ಲಾ ಯೋಜನಾ ಸಮಿತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಚುನಾಯಿತ ಸದಸ್ಯರಿರಬೇಕು. ಜಿಲ್ಲಾ ಪಂಚಾಯಿತಿ ಸದಸ್ಯರೇ ಇಲ್ಲದೆ ಆ ಸಮಿತಿ ಗ್ರಾಮಾಂತರ ಜಿಲ್ಲೆಯ ಪರವಾಗಿ ಮಾತನಾಡುವುದು ಸಾಧ್ಯವಿಲ್ಲ.

ಮಂಡ್ಯದ ಬಳಿಯ ವಿ.ಸಿ. ಫಾರಂನಂಥ ಜಾಗದಲ್ಲಿ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ನಾಡಿನ ರಾಗಿಯ ಇಳುವರಿಯನ್ನೇ ಬದಲಿಸಿದ ಇಂಡಾಫ್ ತಳಿಗಳನ್ನು ಡಾ. ಲಕ್ಷ್ಮಣಯ್ಯ ರೂಪಿಸಿದ ನೆಲ ಇದು. ಸಂಶೋಧನಾ ಕೇಂದ್ರ, ಕೃಷಿ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಇಲ್ಲಿವೆ, ಮಂಡ್ಯಕ್ಕೆ ಪ್ರತ್ಯೇಕ ಕೃಷಿ ವಿಶ್ವವಿದ್ಯಾಲಯದ ಘೋಷಣೆಯೂ ಆಗಿದೆ. ಇಲ್ಲಿ ಸಿದ್ಧವಾದ ಬಿತ್ತನೆ ಬೀಜವೂ ತಿಳಿವಳಿಕೆಯೂ ಮದ್ದೂರಿನ ಕಬ್ಬಿನ ಗದ್ದೆಗೆ, ಮಳವಳ್ಳಿಯ ಖುಷ್ಕಿ ಹೊಲಕ್ಕೆ ತಲುಪಬೇಕಾದರೆ ರೈತ ಸಂಪರ್ಕ ಕೇಂದ್ರಗಳ ಕೆಲಸ ಸರಿಯಾಗಿ ನಡೆಯಬೇಕು. ಯಾವ ಹೋಬಳಿಗೆ ಬೀಜ ತಡವಾಗಿ ಬಂತು, ಯಾವ ಊರಲ್ಲಿ ಬೇಸಾಯದ ಉಪಕರಣ ಯಾರ ಪಾಲಾಯಿತು ಎಂದು ಕೇಳಬೇಕಾದವರು ಜಿಲ್ಲಾ ಪಂಚಾಯಿತಿಯ ಕೃಷಿ ಸ್ಥಾಯಿ ಸಮಿತಿಯವರು. ವಿಜ್ಞಾನಿಗಳ ಕಟ್ಟಡದಿಂದ ಕೂಗಳತೆ ದೂರದ ಊರುಗಳಿಗೂ ಹೀಗೆ ಕೇಳುವವರು ಇಲ್ಲ.

ಹಾಗಾದರೆ ಯಾರಿಗೆ ಲಾಭ? ಉತ್ತರ ಕಷ್ಟದ್ದಲ್ಲ. 2011ರ ಜನಗಣತಿಯಂತೆ ಮಂಡ್ಯ ಜಿಲ್ಲೆಯ ಜನಸಂಖ್ಯೆ 18 ಲಕ್ಷ. ಏಳು ವಿಧಾನಸಭಾ ಕ್ಷೇತ್ರಗಳಿಗೆ ಏಳು ಶಾಸಕರು. ಜಿಲ್ಲಾ ಪಂಚಾಯಿತಿ ಸದಸ್ಯರಾದರೋ ಸುಮಾರು 40 ಸಾವಿರ ಜನಕ್ಕೆ ಒಬ್ಬರು. ಇವರು ಇಲ್ಲವಾದಾಗ ರಸ್ತೆ, ಚರಂಡಿ, ಮೋರಿ, ಶಾಲಾ ಕೊಠಡಿ, ವರ್ಗಾವಣೆ ಎಲ್ಲವೂ ಶಾಸಕರ ಮನೆ ಬಾಗಿಲಿಗೆ ಬರುತ್ತವೆ. ಕ್ರಿಯಾಯೋಜನೆಯಲ್ಲಿ ಯಾವ ಊರಿನ ಹೆಸರಿರಬೇಕೆಂಬುದು ಅಲ್ಲೇ ತೀರ್ಮಾನವಾಗುತ್ತದೆ. ಗೆದ್ದ ಪಕ್ಷದ ಶಾಸಕರಿಗೂ ಸೋತ ಪಕ್ಷದ ಶಾಸಕರಿಗೂ ಇದು ಅನುಕೂಲ. ಚೆನ್ನಾಗಿ ಕೆಲಸ ಮಾಡಿದ ಜಿಲ್ಲಾ ಪಂಚಾಯಿತಿ ಸದಸ್ಯ ಮುಂದಿನ ವಿಧಾನಸಭಾ ಟಿಕೆಟ್ ಕೇಳುವ ಎದುರಾಳಿ. ವಿಧಾನಸೌಧದಲ್ಲಿ ಬೇರೆಲ್ಲ ವಿಷಯಕ್ಕೆ ಬಾವಿಗಿಳಿಯುವ ಪಕ್ಷಗಳು ಈ ವಿಷಯದಲ್ಲಿ ಹೆಚ್ಚು ಗದ್ದಲ ಮಾಡದಿರುವುದಕ್ಕೆ ಕಾರಣ ಇದೇ.

ಫಲಿತಾಂಶದ ಭಯವೂ ಇದೆ. ಮಂಡ್ಯದ ಮತದಾರ ಯಾರ ಜೇಬಿನಲ್ಲೂ ಇಲ್ಲ. 2016ರಲ್ಲಿ ಜಿಲ್ಲಾ ಪಂಚಾಯಿತಿಯನ್ನು ಜೆಡಿಎಸ್‌ಗೆ ಕೊಟ್ಟ ಜಿಲ್ಲೆ 2018ರಲ್ಲಿ ಏಳೂ ವಿಧಾನಸಭಾ ಕ್ಷೇತ್ರಗಳನ್ನು ಅದೇ ಪಕ್ಷಕ್ಕೆ ಕೊಟ್ಟಿತು. ಮರುವರ್ಷವೇ ಲೋಕಸಭೆಗೆ ಪಕ್ಷೇತರರಾದ ಸುಮಲತಾ ಅವರನ್ನು ಗೆಲ್ಲಿಸಿತು. 2023ರಲ್ಲಿ ಕಾಂಗ್ರೆಸ್‌ಗೆ ಐದು ಸ್ಥಾನ, ಸರ್ವೋದಯ ಕರ್ನಾಟಕ ಪಕ್ಷಕ್ಕೆ ಒಂದು, ಜೆಡಿಎಸ್‌ಗೆ ಕೆ.ಆರ್. ಪೇಟೆ ಒಂದೇ. 2024ರಲ್ಲಿ ಎಚ್.ಡಿ. ಕುಮಾರಸ್ವಾಮಿ 2.8 ಲಕ್ಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಇಂಥ ಜಿಲ್ಲೆಯಲ್ಲಿ ಆಳುವ ಪಕ್ಷಕ್ಕೆ ಗೆಲುವಿನ ಖಾತ್ರಿ ಇಲ್ಲ. ಮೈತ್ರಿಯಲ್ಲಿರುವ ಜೆಡಿಎಸ್ ಮತ್ತು ಬಿಜೆಪಿಗೆ ಯಾವ ಕ್ಷೇತ್ರ ಯಾರಿಗೆಂಬ ಜಗಳ ಹಳ್ಳಿಹಳ್ಳಿಗೆ ಇಳಿಯುವ ಆತಂಕ. ಚುನಾವಣೆ ಮುಂದೆ ಹೋದಷ್ಟೂ ಎಲ್ಲರಿಗೂ ನೆಮ್ಮದಿ, ಮತದಾರರೊಬ್ಬರನ್ನು ಬಿಟ್ಟು.

ಹೋಲಿಕೆಗೆ ಇಂಗ್ಲೆಂಡನ್ನು ನೋಡಿ. ಅಲ್ಲಿ 2025ರ ಮೇ 1ರಂದು ಕೌಂಟಿ ಮಟ್ಟದ ಚುನಾವಣೆ ನಡೆದಾಗ ಸ್ಥಳೀಯ ಆಡಳಿತದ ಪುನರ್‌ರಚನೆಯ ಕಾರಣ ಹೇಳಿ ಒಂಬತ್ತು ಕೌನ್ಸಿಲ್‌ಗಳ ಚುನಾವಣೆಯನ್ನು ಒಂದು ವರ್ಷ ಮುಂದೂಡಲಾಯಿತು. ಒಂದೇ ವರ್ಷದ ಮುಂದೂಡಿಕೆಯೂ ಅಲ್ಲಿ ದೊಡ್ಡ ರಾಜಕೀಯ ವಿವಾದವಾಯಿತು. ಆ ಕೌನ್ಸಿಲ್‌ಗಳಲ್ಲಿ ಇದ್ದ ಸದಸ್ಯರೇ ಮುಂದುವರಿದರು, ಅಧಿಕಾರಿಗಳ ಆಡಳಿತ ಬರಲಿಲ್ಲ. ಚುನಾವಣೆ ನಡೆದ ಕಡೆ ರಿಫಾರ್ಮ್ ಯುಕೆ ಎಂಬ ಹೊಸ ಪಕ್ಷ 677 ಸ್ಥಾನ ಗೆದ್ದು, ಹತ್ತು ಕೌನ್ಸಿಲ್‌ಗಳನ್ನು ಹಿಡಿದು, ಎರಡು ಹಳೆಯ ಪಕ್ಷಗಳ ನಿದ್ದೆ ಕೆಡಿಸಿತು. ಆ ಪಕ್ಷದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಆಳುವವರಿಗೆ ಜನರ ಮನಸ್ಸು ಲೆಕ್ಕದಲ್ಲಿ ತಿಳಿಯಿತು. ಕರ್ನಾಟಕದ ಜಿಲ್ಲಾ ಪಂಚಾಯಿತಿಗಳಿಂದ ಆ ಲೆಕ್ಕ 2016ರ ನಂತರ ಬಂದಿಲ್ಲ.

ಜಿಲ್ಲಾ ಪಂಚಾಯಿತಿಗಳು ಇದ್ದಾಗ ಏನು ಮಾಡಿದವು ಎಂಬ ಎದುರು ಪ್ರಶ್ನೆಯೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಕೋರಂ ಇಲ್ಲದೆ ಮುಂದಕ್ಕೆ ಹೋದ ಸಭೆಗಳು, ಅವಿಶ್ವಾಸದ ಮೇಲಾಟ, ಹೆಂಡತಿಯ ಹೆಸರಿನಲ್ಲಿ ಗಂಡ ನಡೆಸಿದ ಅಧಿಕಾರ, ಗುತ್ತಿಗೆಯಲ್ಲಿ ಪಾಲು ಎಲ್ಲವೂ ಜನ ಕಂಡದ್ದೇ. ಆದರೆ ಈ ರೋಗಗಳಿಗೆ ಕಾನೂನಿನಲ್ಲಿ ಮದ್ದಿದೆ, ಮತಪೆಟ್ಟಿಗೆಯಲ್ಲೂ ಇದೆ. ತಪ್ಪು ಮಾಡಿದ ಸದಸ್ಯನನ್ನು ಐದು ವರ್ಷಕ್ಕೆ ಮನೆಗೆ ಕಳಿಸಬಹುದು, ಆಡಳಿತಾಧಿಕಾರಿಯನ್ನು ಹಾಗೆ ಕಳಿಸುವ ದಾರಿ ಊರಿನವರಿಗೆ ಇಲ್ಲ. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿದ್ದ ವ್ಯವಸ್ಥೆಯನ್ನು ನಿಲ್ಲಿಸಿಟ್ಟು ಮಹಿಳಾ ಸಬಲೀಕರಣದ ಭಾಷಣ ಮಾಡುವುದು ಆ ಮಹಿಳೆಯರಿಗೆ ಮಾಡಿದ ಅನ್ಯಾಯ. ತಾಲ್ಲೂಕು ಪಂಚಾಯಿತಿಯೇ ಬೇಡ, ಎರಡು ಹಂತ ಸಾಕು ಎನ್ನುವವರೂ ಇದ್ದಾರೆ. ಅದು ಚರ್ಚಿಸಬಹುದಾದ ವಾದ. ಆದರೆ 20 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ರಾಜ್ಯಗಳಿಗೆ ಮೂರು ಹಂತ ಇರಬೇಕೆಂದು 243ಬಿ ವಿಧಿ ಹೇಳುತ್ತದೆ. ಸಂವಿಧಾನ ತಿದ್ದದೆ, ಚುನಾವಣೆ ನಡೆಸದೆಯೇ ಒಂದು ಹಂತವನ್ನು ಕೊಲ್ಲುವುದು ಹಿಂಬಾಗಿಲಿನ ದಾರಿ.

ಈ ಅವಸ್ಥೆ ಕರ್ನಾಟಕಕ್ಕೆ ಬಂದಿರುವುದು ಹೆಚ್ಚು ನೋವಿನ ಸಂಗತಿ. 1959ರ ಕಾಯ್ದೆಯಲ್ಲಿ ಜಿಲ್ಲಾ ಮಟ್ಟಕ್ಕೆ ಇದ್ದದ್ದು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಅಭಿವೃದ್ಧಿ ಮಂಡಳಿ, ಅದಕ್ಕೆ ಸಲಹೆ ಕೊಡುವ ಅಧಿಕಾರ ಮಾತ್ರ. ಅದನ್ನು ಮುರಿದು, ರಾಮಕೃಷ್ಣ ಹೆಗಡೆ ಸಂಪುಟದ ಅಬ್ದುಲ್ ನಜೀರ್ ಸಾಬ್ 1983ರ ಕಾಯ್ದೆ ತಂದರು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇ 25 ಮೀಸಲಾತಿ, ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಅವರ ಕೈಕೆಳಗೆ ಹಿರಿಯ ಐಎಎಸ್ ಅಧಿಕಾರಿ. ದೇಶದ 73ನೇ ತಿದ್ದುಪಡಿಗಿಂತ ಆರು ವರ್ಷ ಮೊದಲೇ ಆದ ಪ್ರಯೋಗ ಅದು. ಆ ಪರಿಷತ್ತುಗಳ ಅವಧಿ 1992ರಲ್ಲಿ ಮುಗಿದಾಗಲೂ ಆಡಳಿತಾಧಿಕಾರಿಗಳು ಬಂದು ಕೂತರು, ಜಿಲ್ಲಾ ಮಟ್ಟದ ಚುನಾವಣೆಗೆ 1995ರವರೆಗೆ ಕಾಯಬೇಕಾಯಿತು. ಅಂದಿನ ಮೂರು ವರ್ಷದ ತಡೆಯನ್ನು ಈಗಿನದು ಮೀರಿದೆ. 2020ರ ಡಿಸೆಂಬರ್‌ನಲ್ಲಿ ಆಯ್ಕೆಯಾದ ಗ್ರಾಮ ಪಂಚಾಯಿತಿಗಳ ಅವಧಿಯೂ ಕೊನೆ ಮುಟ್ಟಿರುವುದರಿಂದ ಮೂರು ಹಂತಗಳೂ ಒಟ್ಟಿಗೆ ಅಧಿಕಾರಿಗಳ ಕೈಗೆ ಜಾರುವ ಅಪಾಯವಿದೆ. 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ಸ್ಥಳೀಯ ಚುನಾವಣೆಗೆ ಮತಪತ್ರ ಬಳಸುವಂತೆ ಶಿಫಾರಸು ಮಾಡಿತು. ಯಂತ್ರವೋ ಕಾಗದವೋ ಎಂಬ ಚರ್ಚೆಗಿಂತ ಮೊದಲು ದಿನಾಂಕ ಬೇಕು.

ಪಕ್ಕದ ಕೇರಳದಲ್ಲಿ 1995ರಿಂದ ಐದು ವರ್ಷಕ್ಕೊಮ್ಮೆ ಸ್ಥಳೀಯ ಚುನಾವಣೆ ನಡೆಯುತ್ತ ಬಂದಿದೆ. ಅಲ್ಲಿ ಪುನರ್‌ವಿಂಗಡಣಾ ಆಯೋಗದ ಮುಖ್ಯಸ್ಥರು ರಾಜ್ಯ ಚುನಾವಣಾ ಆಯುಕ್ತರೇ. 2025ರ ಡಿಸೆಂಬರ್ 11ರಂದು ಕಾಸರಗೋಡಿನ ಕನ್ನಡಿಗರು ತಮ್ಮ ಜಿಲ್ಲಾ ಪಂಚಾಯಿತಿಗೆ ಮತ ಹಾಕಿದರು, 13ರಂದು ಎಣಿಕೆ ಮುಗಿದು ಫಲಿತಾಂಶ ಬಂತು. ಮಂಡ್ಯದ ಕನ್ನಡಿಗರಿಗೂ ಅದೇ ಬೇಕಾದರೆ ಕರ್ನಾಟಕ ಮಾಡಬೇಕಾದ್ದು ಇಷ್ಟು: 2021ರ ತಿದ್ದುಪಡಿ ರದ್ದು ಮಾಡಿ ಗಡಿ ಮತ್ತು ಮೀಸಲಾತಿ ನಿಗದಿಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗಕ್ಕೆ ಮರಳಿಸುವುದು, ಅವಧಿ ಮುಗಿಯುವ ಆರು ತಿಂಗಳ ಮೊದಲೇ ಮೀಸಲಾತಿ ಪಟ್ಟಿ ಅಂತಿಮಗೊಳ್ಳಬೇಕೆಂದು ಕಾಯ್ದೆಯಲ್ಲೇ ಬರೆಯುವುದು, ಅದು ಆಗದಿದ್ದರೆ ಹಿಂದಿನ ಗಡಿಗಳ ಮೇಲೆಯೇ ಚುನಾವಣೆ ಘೋಷಿಸುವ ಹಕ್ಕನ್ನು ಆಯೋಗಕ್ಕೆ ಕೊಡುವುದು.